ಸೀಸೆಯೊಳಗಿನ ನದಿ

ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆಯೇಕೆ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಹರಿಯುವ ನೀರು ಎಲ್ಲರದು. ಬಾಯಾರಿದವನು ಬೊಗಸೆಯೊಡ್ಡಿ ಕುಡಿಯಬಹುದು, ಅದಕ್ಕೆ ಯಾರ ರಹದಾರಿಯೂ ಬೇಕಿಲ್ಲ ಎಂಬುದು ಆ ಗಾದೆಯ ಅಭಿಪ್ರಾಯ. ಇದರ ಜೊತೆಗೇ ಇನ್ನೊಂದು ನಂಬಿಕೆಯೂ ನಮ್ಮಲ್ಲಿ ಬೆಳೆದು ಬಂದಿದೆ: ಹರಿಯುವ ನೀರಿಗೆ ಮೈಲಿಗೆಯಿಲ್ಲ. ಈ ಎರಡು ಮಾತುಗಳೂ ನಮ್ಮ ಕಾಲದಲ್ಲಿ ಸುಳ್ಳಾಗಿವೆ. ಇಂದು ನದಿಯ ದಡದಲ್ಲಿ ನಿಂತವನು ನೀರಿಗೆ ಇಳಿಯುವ ಮುನ್ನ ಅಪ್ಪಣೆ ಕೇಳಲೇಬೇಕಾಗಿದೆ. ಆ ಅಪ್ಪಣೆ ಕೊಡುವ ದೊಣೆನಾಯಕನು ಪ್ರಯೋಗಶಾಲೆಯಲ್ಲಿ ಕುಳಿತ ಪರೀಕ್ಷಕ. ಅವನ ಮುಂದಿರುವುದು ಒಂದು ಸೀಸೆ ನೀರು. ಇಡೀ ನದಿಯ ಪರವಾಗಿ ಆ ಒಂದು ಸೀಸೆ ಎಷ್ಟು ಸತ್ಯವನ್ನು ನುಡಿಯಬಲ್ಲುದು? ಅದು ನುಡಿದುದನ್ನು ಕೇಳುವವರು ಯಾರು? ಈ ಎರಡು ಪ್ರಶ್ನೆಗಳನ್ನು ಸ್ವಲ್ಪ ನಿಧಾನವಾಗಿ ವಿಚಾರಿಸಬೇಕೆಂದು ನನ್ನ ಇಚ್ಛೆ.

ವಿಚಾರಕ್ಕೆ ಕಾರಣವಿಲ್ಲದೆ ಇಲ್ಲ. ೨೦೨೫ರ ಆರಂಭದಲ್ಲಿ ಪ್ರಯಾಗದಲ್ಲಿ ಮಹಾಕುಂಭ ನಡೆಯಿತು. ಆ ಸಂದರ್ಭದಲ್ಲಿ ಕೇಂದ್ರದ ಮಾಲಿನ್ಯ ನಿಯಂತ್ರಣ ಮಂಡಲಿಯು ರಾಷ್ಟ್ರೀಯ ಹಸಿರು ನ್ಯಾಯಪೀಠಕ್ಕೆ ಒಂದು ವರದಿ ಸಲ್ಲಿಸಿತು. ಮಲದಿಂದ ಬರುವ ಕೋಲಿಫಾರ್ಮ್ ಎಂಬ ಸೂಕ್ಷ್ಮಜೀವಿಗಳ ಸಂಖ್ಯೆ ಸ್ನಾನಯೋಗ್ಯ ಮಿತಿಯನ್ನು ಹಲವು ಸಂದರ್ಭಗಳಲ್ಲಿ ಮೀರಿತ್ತು ಎಂದು ಅದರಲ್ಲಿ ಹೇಳಿತ್ತು. ನೂರು ಮಿಲಿಲೀಟರ್ ನೀರಿನಲ್ಲಿ ೨,೫೦೦ ಎಂಬುದು ಆ ಮಿತಿ. ರಾಜ್ಯದ ಸರ್ಕಾರ ಇದನ್ನು ಒಪ್ಪಲಿಲ್ಲ. ನೀರು ಮೀಯುವುದಕ್ಕೂ ಆಚಮನಕ್ಕೂ ಯೋಗ್ಯವೆಂದು ಸಾರಿತು. ಕೆಲವು ದಿನಗಳಲ್ಲಿಯೇ ಅದೇ ಮಂಡಲಿಯಿಂದ ಇನ್ನೊಂದು ವರದಿ ಬಂದಿತು. ಅನೇಕ ದಿನಗಳ, ಅನೇಕ ಸ್ಥಳಗಳ ಅಳತೆಗಳನ್ನು ಒಟ್ಟುಗೂಡಿಸಿ, ನಡುಬೆಲೆಯನ್ನು ತೆಗೆದು ನೋಡಿದರೆ ಸಂಖ್ಯೆ ೧,೪೦೦ ಮಾತ್ರ. ಆದಕಾರಣ ನೀರು ಸ್ನಾನಕ್ಕೆ ಯೋಗ್ಯ ಎಂಬುದು ಅದರ ತೀರ್ಮಾನ. ನದಿ ಒಂದೇ, ಪರೀಕ್ಷಿಸಿದವರೂ ಒಬ್ಬರೇ. ಉತ್ತರಗಳು ಮಾತ್ರ ಎರಡು. ಎರಡನೆಯ ಉತ್ತರ ಗಣಿತದ ದೃಷ್ಟಿಯಿಂದ ಸುಳ್ಳೆಂದು ನಾನು ಹೇಳಲಾರೆ. ಆದರೆ ನಡುಬೆಲೆಯ ನದಿಯಲ್ಲಿ ಯಾರೂ ಮೀಯುವುದಿಲ್ಲ. ಒಂದು ದಿನ, ಒಂದು ಗಳಿಗೆ, ಒಂದು ಘಟ್ಟದಲ್ಲಿ ಮೀಯುತ್ತಾರೆ. ಆ ಗಳಿಗೆಯ ನೀರು ಹೇಗಿತ್ತು ಎಂಬುದೇ ಮಿಂದವನ ಪ್ರಶ್ನೆ.

ನೀರಿನ ಪರೀಕ್ಷೆ ಹೊಸದಲ್ಲ. ೧೮೫೫ರ ಜುಲೈ ತಿಂಗಳಲ್ಲಿ ವಿಜ್ಞಾನಿ ಮೈಕೇಲ್ ಫ್ಯಾರಡೆ ಥೇಮ್ಸ್ ನದಿಯಲ್ಲಿ ಹಡಗಿನಲ್ಲಿ ಹೋಗುತ್ತಿದ್ದಾಗ ಬಿಳಿಯ ಕಾರ್ಡುಗಳನ್ನು ಹರಿದು, ಒದ್ದೆಮಾಡಿ ನೀರಿಗೆ ಹಾಕಿ ನೋಡಿದನು. ಬಿಸಿಲು ಚೆನ್ನಾಗಿದ್ದರೂ ಆ ಚೂರುಗಳು ಒಂದಂಗುಲ ಮುಳುಗುವ ಮೊದಲೇ ಕಣ್ಮರೆಯಾದವು. ಅಷ್ಟನ್ನೇ ಬರೆದು ಪತ್ರಿಕೆಗೆ ಕಳುಹಿಸಿದನು. ಅಲ್ಲಿಗೆ ಮೂರು ವರ್ಷಗಳಾದ ಮೇಲೆ, ೧೮೫೮ರ ಬೇಸಿಗೆಯಲ್ಲಿ, ನದಿಯ ದುರ್ಗಂಧ ಪಾರ್ಲಿಮೆಂಟಿನ ಕಿಟಕಿಗಳನ್ನು ಹೊಕ್ಕಿತು. ಆಗ ಮಾತ್ರ ಲಂಡನ್ನಿನ ದೊಡ್ಡ ಒಳಚರಂಡಿಗಳಿಗೆ ಹಣ ಮಂಜೂರಾಯಿತು. ಪರೀಕ್ಷೆಗೂ ಪರಿಹಾರಕ್ಕೂ ನಡುವೆ ಆಳುವವರ ಮೂಗು ಇದೆ ಎಂಬ ಪಾಠವನ್ನು ಈ ಕಥೆಯಿಂದ ಕಲಿಯಬಹುದು.

ಮುಂದೆ ೧೮೯೮ರಲ್ಲಿ ಬ್ರಿಟನ್ನಿನಲ್ಲಿ ಕೊಳಚೆಯ ವಿಲೇವಾರಿಯನ್ನು ಕುರಿತು ಒಂದು ರಾಜ ಆಯೋಗ ನೇಮಕವಾಯಿತು. ಅದರ ೧೯೧೨ರ ವರದಿಯಲ್ಲಿ ಹೇಳಿದ ಒಂದು ಅಳತೆ ಇಂದಿಗೂ ಜಗತ್ತನ್ನೆಲ್ಲ ಆಳುತ್ತಿದೆ. ಅದನ್ನು ಜೈವಿಕ ಆಮ್ಲಜನಕ ಬೇಡಿಕೆ ಎನ್ನುತ್ತಾರೆ. ಹೆಸರು ಭಾರವಾದರೂ ಅರ್ಥ ಸರಳ. ನೀರಿಗೆ ಕೊಳೆ ಸೇರಿದರೆ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತವೆ. ತಿನ್ನುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಉಸಿರಾಡುತ್ತವೆ. ಕೊಳೆ ಹೆಚ್ಚಾದಷ್ಟೂ ಉಸಿರು ಹೆಚ್ಚು ಬೇಕು. ಉಸಿರು ತೀರಿದರೆ ಮೀನು ಸಾಯುತ್ತದೆ, ನೀರು ನಾರುತ್ತದೆ. ಸೀಸೆಯಲ್ಲಿ ನೀರನ್ನು ತುಂಬಿ, ಕತ್ತಲೆಯಲ್ಲಿಟ್ಟು, ಗೊತ್ತಾದ ದಿನಗಳು ಕಳೆದ ಮೇಲೆ ಎಷ್ಟು ಆಮ್ಲಜನಕ ಖರ್ಚಾಯಿತೆಂದು ನೋಡುವುದೇ ಈ ಪರೀಕ್ಷೆ.

ಖರ್ಚಾದ ಆಮ್ಲಜನಕವನ್ನು ತಿಳಿಯುವ ವಿಧಾನವನ್ನು ೧೮೮೮ರಲ್ಲಿ ಹಂಗೇರಿಯ ವಿಂಕ್ಲರ್ ಕಂಡುಹಿಡಿದನು. ನಾನು ಅಧ್ಯಾಪಕನಾಗಿದ್ದ ವರ್ಷಗಳಲ್ಲಿ ವಿದ್ಯಾರ್ಥಿಗಳಿಗೆ ಇದನ್ನು ಮಾಡಿ ತೋರಿಸುವುದು ನನಗೆ ಬಹು ಪ್ರಿಯವಾಗಿತ್ತು. ಸೀಸೆಯ ನೀರಿಗೆ ಮ್ಯಾಂಗನೀಸಿನ ಲವಣವನ್ನೂ ಕ್ಷಾರೀಯ ಅಯೋಡೈಡನ್ನೂ ಹನಿಸಿದರೆ, ಆಮ್ಲಜನಕವಿರುವ ನೀರಿನಲ್ಲಿ ಕಂದುಬಣ್ಣದ ಒತ್ತರ ಇಳಿಯುತ್ತದೆ; ಆಮ್ಲಜನಕವಿಲ್ಲದ ನೀರಿನಲ್ಲಿ ಅದು ಬೆಳ್ಳಗೇ ಉಳಿಯುತ್ತದೆ. ಬಳಿಕ ಆಮ್ಲ ಹಾಕಿ, ಗಂಜಿಯನ್ನು ಸೇರಿಸಿ, ನೀಲಿ ಬಣ್ಣ ಮಾಯವಾಗುವವರೆಗೆ ಥಯೋಸಲ್ಫೇಟ್ ದ್ರಾವಣವನ್ನು ತೊಟ್ಟುತೊಟ್ಟಾಗಿ ಬಿಡಬೇಕು. ಬಾವಿಯ ನೀರು, ಕೆರೆಯ ನೀರು, ಮೋರಿಯ ನೀರು ಮೂರನ್ನೂ ಪಕ್ಕಪಕ್ಕದಲ್ಲಿಟ್ಟರೆ ಉಪನ್ಯಾಸವೇ ಬೇಕಾಗುತ್ತಿರಲಿಲ್ಲ. ಮೋರಿಯ ಸೀಸೆಯಲ್ಲಿ ಒತ್ತರ ಬೆಳ್ಳಗೆ ಉಳಿದುದನ್ನು ಕಂಡು ಹುಡುಗರು ಮೌನವಾಗುತ್ತಿದ್ದರು. ಬಿಳಿ ಬಣ್ಣ ಅಶುದ್ಧಿಯ ಗುರುತಾಗುವುದು ಈ ಒಂದು ಕಡೆಯಲ್ಲಿ ಮಾತ್ರವೇನೋ!

ಆಯೋಗವು ಗೊತ್ತುಮಾಡಿದ ಅವಧಿ ಐದು ದಿನ. ಬ್ರಿಟನ್ನಿನ ಯಾವ ನದಿಯೂ ಸಮುದ್ರ ಸೇರಲು ಅದಕ್ಕಿಂತ ಹೆಚ್ಚು ಕಾಲ ತೆಗೆದುಕೊಳ್ಳುವುದಿಲ್ಲವೆಂಬುದೇ ಅದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ. ಶುದ್ಧೀಕರಿಸಿ ಬಿಡುವ ನೀರಿನ ಬೇಡಿಕೆ ಲೀಟರಿಗೆ ೨೦ ಮಿಲಿಗ್ರಾಮನ್ನು ಮೀರಕೂಡದೆಂದು ಅದು ವಿಧಿಸಿತು. ಆದರೆ ಆ ೨೦ರ ಹಿಂದೆ ಒಂದು ಷರತ್ತು ಅಡಗಿತ್ತು. ಬಿಟ್ಟ ಒಂದು ಪಾಲು ನೀರಿಗೆ ನದಿಯ ಎಂಟು ಪಾಲು ಒಳ್ಳೆಯ ನೀರು ಸೇರಬೇಕು. ಸೇರಿದರೆ ಮಿಶ್ರಣದ ಬೇಡಿಕೆ ೪ನ್ನು ಮೀರುವುದಿಲ್ಲ, ನದಿ ಉಳಿಯುತ್ತದೆ ಎಂಬುದು ಲೆಕ್ಕ. ನಾವು ಭಾರತೀಯರು ನಮ್ಮ ಬಿಸಿಲಿಗೆ ತಕ್ಕಂತೆ ಐದು ದಿನವನ್ನು ಮೂರು ಮಾಡಿಕೊಂಡೆವು, ಉಷ್ಣತೆಯನ್ನು ೨೭ ಡಿಗ್ರಿಗೆ ಏರಿಸಿಕೊಂಡೆವು. ಆದರೆ ಆ ಎಂಟು ಪಾಲು ನೀರನ್ನು ಎಲ್ಲಿಂದ ತರೋಣ?

ವೃಷಭಾವತಿಯನ್ನು ನೋಡಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿಯಲ್ಲಿ ಹುಟ್ಟಿದವಳೆಂದು ಐತಿಹ್ಯವುಳ್ಳ ಈ ನದಿ ಗಾಳಿ ಆಂಜನೇಯನ ಗುಡಿಯನ್ನು ಹಾದು, ಕೆಂಗೇರಿ ಬಿಡದಿಗಳ ಮಾರ್ಗವಾಗಿ ಬೈರಮಂಗಲದ ಕೆರೆಗೆ ಬಂದು, ಮುಂದೆ ಅರ್ಕಾವತಿಯನ್ನು ಕೂಡುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ವರ್ಷದ ಬಹುಕಾಲ ವೃಷಭಾವತಿಯಲ್ಲಿ ಹರಿಯುವುದು ಮಳೆಯ ನೀರೂ ಅಲ್ಲ, ಊಟೆಯ ನೀರೂ ಅಲ್ಲ. ಬೆಂಗಳೂರು ಬಳಸಿ ಬಿಟ್ಟ ನೀರು. ಆ ನೀರಾದರೂ ಬಹುಮಟ್ಟಿಗೆ ಕಾವೇರಿಯದೇ. ನೂರು ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಬೆಟ್ಟದೆತ್ತರಕ್ಕೆ ಎತ್ತಿ ತಂದು, ಮನೆಮನೆಗೆ ಹಂಚಿ, ಕೊಳಚೆಯಾಗಿ ಒಂದು ಪಾಲನ್ನು ಕಾವೇರಿಗೇ ಒಪ್ಪಿಸುತ್ತೇವೆ. ೨೦೨೪ರ ಅಕ್ಟೋಬರಿನಲ್ಲಿ ಐದನೆಯ ಹಂತ ಆರಂಭವಾದ ಮೇಲೆ ದಿನಕ್ಕೆ ಇನ್ನೂ ೭೭೫ ದಶಲಕ್ಷ ಲೀಟರು ತರುವ ಏರ್ಪಾಡಾಗಿದೆ. ಬಂದ ನೀರು ಬಹುಪಾಲು ಹೋಗಲೇಬೇಕಷ್ಟೆ. ಇಂಥ ನದಿಯಲ್ಲಿ ಬಿಟ್ಟ ನೀರೇ ನದಿ. ಕಲೆಸುವುದಕ್ಕೆ ಬೇರೆ ನೀರಿಲ್ಲ. ಶುದ್ಧೀಕರಣ ಕೇಂದ್ರದ ಬಾಯಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾದ ನೀರು, ಸ್ವಲ್ಪ ಕೆಳಗೆ ನದಿಯೆಂಬ ಹೆಸರಿನಲ್ಲಿ ಪರೀಕ್ಷೆಗೆ ಕುಳಿತರೆ ಅನುತ್ತೀರ್ಣವಾಗುತ್ತದೆ. ಮೀಯುವ ನದಿಗೆ ನಮ್ಮ ಮಂಡಲಿಗಳು ಇಟ್ಟಿರುವ ಮಿತಿ ಲೀಟರಿಗೆ ೩ ಮಿಲಿಗ್ರಾಂ. ಕೇಂದ್ರದಿಂದ ಹೊರಬೀಳುವ ನೀರಿಗೆ ಇಟ್ಟ ಮಿತಿ ಅದರ ಅನೇಕ ಪಟ್ಟು.

ಆ ಮಿತಿಯ ಕಥೆಯೂ ಕೇಳುವಂಥದೇ. ೧೯೯೩ರಲ್ಲಿ ಪ್ರಕಟವಾದ ಸಾಮಾನ್ಯ ಮಾನದಂಡದ ಪ್ರಕಾರ ನದಿಗೆ ಬಿಡುವ ನೀರಿನ ಬೇಡಿಕೆ ೩೦ರವರೆಗೆ ಇರಬಹುದಿತ್ತು. ೨೦೧೫ರ ಕರಡಿನಲ್ಲಿ ಕೇಂದ್ರ ಸರ್ಕಾರ ಅದನ್ನು ೧೦ಕ್ಕೆ ಇಳಿಸುವ ಮಾತಾಡಿತು. ೨೦೧೭ರ ಅಕ್ಟೋಬರಿನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಮಹಾನಗರಗಳಿಗೆ ೨೦, ಉಳಿದ ಕಡೆಗೆ ೩೦ ಎಂದಾಯಿತು. ೨೦೧೯ರ ಏಪ್ರಿಲಿನಲ್ಲಿ ಹಸಿರು ನ್ಯಾಯಪೀಠವು ೧೦ನ್ನೇ ಎತ್ತಿಹಿಡಿಯಿತು. ಬೇಡಿಕೆ ೧೫ ಇರುವ ನೀರೊಂದನ್ನು ಊಹಿಸಿಕೊಳ್ಳಿ. ಕರಡಿನಲ್ಲಿ ಅದು ಅಪರಾಧಿ, ಅಧಿಸೂಚನೆಯಲ್ಲಿ ನಿರಪರಾಧಿ, ನ್ಯಾಯಪೀಠದಲ್ಲಿ ಮತ್ತೆ ಅಪರಾಧಿ. ಆ ನೀರನ್ನು ಕುಡಿದ ದನಕ್ಕೆ ಮಾತ್ರ ಈ ಭೇದ ತಿಳಿಯದು.

ಪೂರ್ವದ ಕಡೆಗೆ ಹರಿಯುವ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕಥೆ ಇನ್ನೂ ಕಠಿನವಾದುದು. ಆ ಕಣಿವೆಯ ಬೆಳ್ಳಂದೂರು ಕೆರೆ ೨೦೧೫ರಲ್ಲಿಯೂ ೨೦೧೭ರಲ್ಲಿಯೂ ೨೦೧೮ರಲ್ಲಿಯೂ ಹೊತ್ತಿ ಉರಿಯಿತು. ನೊರೆ ಎದ್ದು ಬೀದಿಗೆ ಬಂದಿತು. ನೀರು ಬೆಂಕಿಯನ್ನು ಆರಿಸುವ ವಸ್ತುವೆಂದು ಮಕ್ಕಳಿಗೆ ಹೇಳಿಕೊಡುವ ಉಪಾಧ್ಯಾಯರು ಬೆಂಗಳೂರಿನಲ್ಲಿ ಆ ವರ್ಷ ಏನು ಹೇಳಿದರೋ! ಇದೇ ಕಣಿವೆಯ ಕೊಳಚೆಯನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ ೪೪೦ ದಶಲಕ್ಷ ಲೀಟರಿನಂತೆ ಕೋಲಾರದ ಒಣಗಿದ ಕೆರೆಗಳಿಗೆ ಹರಿಸುವ ಯೋಜನೆ ೨೦೧೮ರ ಜೂನಿನಲ್ಲಿ ಆರಂಭವಾಯಿತು. ಮೊದಲು ತುಂಬಿದುದು ಲಕ್ಷ್ಮೀಸಾಗರದ ಕೆರೆ. ಮರುತಿಂಗಳೇ ನೊರೆ ಕಾಣಿಸಿತು. ವಿಷಯ ಉಚ್ಚ ನ್ಯಾಯಾಲಯಕ್ಕೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ತಡೆಯಾಜ್ಞೆಗಳು ಬಂದವು, ತೆರವಾದವು. ನೀರು ಮತ್ತೆ ಹರಿಯಿತು.

ಇಲ್ಲಿ ನಗರವಾಸಿಗಳಾದ ನಾವು ಅವಸರದಿಂದ ತೀರ್ಪು ಕೊಡಬಾರದು. ಕೋಲಾರಕ್ಕೆ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಕೊಳವೆಬಾವಿಗಳು ಸಾವಿರ ಅಡಿಗಳನ್ನು ದಾಟಿ ಹೋದವು. ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡಿನ ಉಪದ್ರವ. ಅಂಥ ನಾಡಿನಲ್ಲಿ ಕೆರೆ ತುಂಬಿದುದನ್ನು ಕಂಡು ಸಂತೋಷಪಟ್ಟ ರೈತನನ್ನು ಅವಿವೇಕಿ ಎನ್ನಲಾದೀತೆ? ಬತ್ತಿದ ಬಾವಿಯಲ್ಲಿ ನೀರು ಕಂಡಿತೆಂದು ಹೇಳುವವರೂ ಅಲ್ಲಿದ್ದಾರೆ. ಈ ನೀರು ನೆಲಕ್ಕಿಳಿದು ಕುಡಿಯುವ ಬಾವಿಗೆ ಏನು ಮಾಡೀತೆಂದು ನಿದ್ರೆಗೆಟ್ಟವರೂ ಇದ್ದಾರೆ. ಎರಡನೆಯ ಹಂತದ ಶುದ್ಧೀಕರಣವು ಕೊಳೆಯುವ ವಸ್ತುವನ್ನು ಬಹುಮಟ್ಟಿಗೆ ತೆಗೆಯುತ್ತದೆ. ಕರಗಿದ ಲವಣಗಳನ್ನು ಅದು ತೆಗೆಯುವುದಿಲ್ಲ. ನೈಟ್ರೇಟು, ಫಾಸ್ಫೇಟುಗಳನ್ನೂ ಔಷಧಗಳ ಶೇಷವನ್ನೂ ಪೂರ್ತಿಯಾಗಿ ತೆಗೆಯುವ ಶಕ್ತಿಯೂ ಅದಕ್ಕಿಲ್ಲ. ಆದ್ದರಿಂದ ಈ ಇಬ್ಬರು ರೈತರ ನಡುವಣ ವಾದವನ್ನು ಬಗೆಹರಿಸಬಲ್ಲದ್ದು ಒಂದೇ: ವರ್ಷಗಟ್ಟಲೆ ಬಿಡದೆ ನಡೆಯುವ, ಎಲ್ಲರೂ ನೋಡಬಹುದಾದ, ಇಬ್ಬರೂ ನಂಬುವ ಪರೀಕ್ಷೆ. ನಂಬಿಕೆಯಿಲ್ಲದ ಕಡೆ ಸೀಸೆ ಎಷ್ಟು ಶುದ್ಧವಾಗಿದ್ದರೂ ಪ್ರಯೋಜನವಿಲ್ಲ.

ಹಾಗಾದರೆ ಈಗ ನಡೆಯುವ ಪರೀಕ್ಷೆಯಲ್ಲಿ ಕೊರತೆಯೇನು? ದೇಶದಲ್ಲಿ ನಾಲ್ಕು ಸಾವಿರಕ್ಕೂ ಮೇಲ್ಪಟ್ಟ ಸ್ಥಳಗಳಲ್ಲಿ ನೀರನ್ನು ಪರೀಕ್ಷಿಸುತ್ತಾರೆ. ಇದು ಸಣ್ಣ ಸಾಧನೆಯಲ್ಲ. ಆದರೆ ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಹಗಲಿನಲ್ಲಿ ತುಂಬಿಸಿಕೊಂಡ ಸೀಸೆಗೆ ರಾತ್ರಿಯ ಸಂಗತಿ ತಿಳಿಯದು. ಕೆಟ್ಟ ನೀರನ್ನು ಕದ್ದು ಬಿಡುವವನು ಹುಣ್ಣಿಮೆಯನ್ನೂ ಕಾಯುವುದಿಲ್ಲ, ಪರೀಕ್ಷಕನ ವಾಹನವನ್ನೂ ಕಾಯುವುದಿಲ್ಲ. ಮಳೆಗಾಲದ ಕತ್ತಲೆ ಅವನಿಗೆ ಸಾಕು. ಎರಡನೆಯದಾಗಿ, ಉತ್ತರ ಬರುವುದಕ್ಕೆ ಮೂರು ದಿನ ಬೇಕು. ಅಷ್ಟರಲ್ಲಿ ಆ ನೀರು ಯಾರದೋ ಹೊಲವನ್ನು ಹೊಕ್ಕಿರುತ್ತದೆ. ಮೂರನೆಯದು ಇನ್ನೂ ಸೂಕ್ಷ್ಮವಾದುದು. ಬೇಡಿಕೆಯನ್ನು ತೋರಿಸುವವು ಸೂಕ್ಷ್ಮಜೀವಿಗಳಷ್ಟೆ? ಕಾರ್ಖಾನೆಯ ನೀರಿನಲ್ಲಿ ಆ ಜೀವಿಗಳನ್ನೇ ಕೊಲ್ಲುವ ವಿಷವಿದ್ದರೆ ಅವು ಉಸಿರಾಡುವುದಿಲ್ಲ; ಉಸಿರಾಡದಿದ್ದರೆ ಆಮ್ಲಜನಕ ಖರ್ಚಾಗುವುದಿಲ್ಲ; ಖರ್ಚಾಗದಿದ್ದರೆ ಅಂಕ ಚಿಕ್ಕದಾಗಿ ಬರುತ್ತದೆ. ಹೀಗೆ ಅತ್ಯಂತ ಕೆಟ್ಟ ನೀರು ಅತ್ಯಂತ ಸಾಧುವಿನಂತೆ ಕಾಣಿಸಿಕೊಳ್ಳಬಹುದು. ಆದುದರಿಂದಲೇ ಬಲ್ಲ ಪರೀಕ್ಷಕರು ಒಂದೇ ಅಂಕಕ್ಕೆ ಜೋತುಬೀಳದೆ ರಾಸಾಯನಿಕ ಬೇಡಿಕೆ, ಲೋಹಗಳು, ಅಮೋನಿಯ, ಕೋಲಿಫಾರ್ಮುಗಳನ್ನು ಒಟ್ಟಿಗಿಟ್ಟು ಓದುತ್ತಾರೆ.

ಯಂತ್ರಗಳನ್ನು ಇಟ್ಟರಾಗದೆ ಎಂದು ಯಾರಾದರೂ ಕೇಳಬಹುದು. ಇಡಬೇಕು, ೨೦೧೪ರಿಂದ ನಮ್ಮಲ್ಲಿಯೂ ಹೆಚ್ಚು ಮಾಲಿನ್ಯದ ಹದಿನೇಳು ಬಗೆಯ ಉದ್ಯಮಗಳಲ್ಲಿ ಸತತವಾಗಿ ಅಳೆಯುವ ಉಪಕರಣಗಳನ್ನು ಇಡಬೇಕೆಂದು ಆದೇಶವಾಗಿದೆ. ಆದರೆ ಇಂಗ್ಲೆಂಡಿನ ಅನುಭವವನ್ನು ನೋಡುವುದು ಒಳ್ಳೆಯದು. ಅಲ್ಲಿ ಮಳೆಗಾಲದಲ್ಲಿ ಕೊಳಚೆ ನದಿಗೆ ಉಕ್ಕಿ ಹರಿಯುವ ಸುಮಾರು ಹದಿನಾಲ್ಕು ಸಾವಿರ ಬಾಯಿಗಳಿಗೆಲ್ಲ ೨೦೨೩ರ ಕೊನೆಯ ಹೊತ್ತಿಗೆ ಯಂತ್ರ ಜೋಡಿಸಿದರು. ೨೦೨೪ರಲ್ಲಿ ಒಟ್ಟು ೩೬ ಲಕ್ಷ ಗಂಟೆಗಳಿಗೂ ಮಿಕ್ಕು ಕೊಳಚೆ ಹರಿಯಿತೆಂದು ಲೆಕ್ಕ ಸಿಕ್ಕಿತು. ಆ ಯಂತ್ರ ಎಷ್ಟು ಹೊತ್ತು ಹರಿಯಿತೆಂದು ಹೇಳುತ್ತದೆ. ಎಷ್ಟು ನೀರು, ಎಂಥ ನೀರು ಎಂಬುದನ್ನು ಹೇಳುವುದಿಲ್ಲ. ಆದರೂ ಆ ಅರ್ಧಸತ್ಯ ಎಲ್ಲರ ಕಣ್ಣಿಗೆ ಬಿದ್ದುದರಿಂದ ದೇಶವೇ ಸಿಟ್ಟಾಯಿತು. ಅದೇ ದೇಶದ ಇಲ್ಕ್ಲಿ ಎಂಬ ಊರಿನ ಜನ ಇನ್ನೊಂದು ಉಪಾಯ ಮಾಡಿದರು. ತಮ್ಮ ವಾರ್ಫ್ ನದಿಯನ್ನು ಸ್ನಾನದ ಸ್ಥಳವೆಂದು ಅಧಿಕೃತವಾಗಿ ಘೋಷಿಸಿರೆಂದು ಕೇಳಿದರು. ೨೦೨೦ರ ಡಿಸೆಂಬರಿನಲ್ಲಿ ಅದು ಆಯಿತು. ಘೋಷಣೆಯಾದರೆ ಸರ್ಕಾರ ಪರೀಕ್ಷಿಸಲೇಬೇಕು. ಮರುವರ್ಷ ಪರೀಕ್ಷಿಸಿದಾಗ ನದಿಗೆ ಬಂದುದು ಕನಿಷ್ಠ ದರ್ಜೆ. ಊರವರು ಇದರಿಂದ ಸೋತರೆ? ಇಲ್ಲ, ತಮಗೆ ಗೊತ್ತಿದ್ದುದನ್ನು ಸರ್ಕಾರದ ಬಾಯಿಂದಲೇ ಹೇಳಿಸಿದರು.

ನಮ್ಮ ಕಾನೂನಿನಲ್ಲಿ ಪ್ರಜೆಯ ಸೀಸೆಗೆ ಎಂಥ ಸ್ಥಾನವಿದೆ? ೧೯೭೪ರ ಜಲಮಾಲಿನ್ಯ ಕಾಯಿದೆಯ ಪ್ರಕಾರ ಮಂಡಲಿಯ ಅಧಿಕಾರಿಯು ಕಾರ್ಖಾನೆಯವನಿಗೆ ಅಲ್ಲಿಯೇ ತಿಳುವಳಿಕೆ ಪತ್ರ ಕೊಟ್ಟು, ಅವನ ಇದಿರಿನಲ್ಲಿ ನೀರನ್ನು ಎರಡು ಪಾಲು ಮಾಡಿ, ಮುದ್ರೆಯೊತ್ತಿ, ಸಹಿ ಹಾಕಿಸಿ ಕಳುಹಿಸಬೇಕು. ಈ ಕ್ರಮ ತಪ್ಪಿದರೆ ಆ ಪರೀಕ್ಷೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗದು. ಆರೋಪ ಹೊತ್ತವನಿಗೆ ಅನ್ಯಾಯವಾಗದಿರಲಿ ಎಂಬುದು ಇದರ ಉದ್ದೇಶ, ಅದು ಸರಿಯೇ. ಆದರೆ ದಡದ ರೈತನು ನಡುರಾತ್ರಿ ಎದ್ದು, ಬಣ್ಣ ತಿರುಗಿದ ನೀರನ್ನು ತಂಬಿಗೆಯಲ್ಲಿ ಹಿಡಿದಿಟ್ಟರೆ ಅದು ಬರಿಯ ದೂರು, ಸಾಕ್ಷ್ಯವಲ್ಲ. ೧೯೮೮ರ ತಿದ್ದುಪಡಿಯ ಬಳಿಕ ಅರವತ್ತು ದಿನಗಳ ತಿಳುವಳಿಕೆ ಕೊಟ್ಟು ಪ್ರಜೆಯೇ ನ್ಯಾಯಾಲಯಕ್ಕೆ ಹೋಗಬಹುದಾಗಿದೆ; ಅರವತ್ತು ದಿನದಲ್ಲಿ ನದಿ ಎಷ್ಟು ಸಲ ಬಣ್ಣ ಬದಲಾಯಿಸೀತು! ೨೦೨೪ರ ಇನ್ನೊಂದು ತಿದ್ದುಪಡಿ ಅನೇಕ ಅಪರಾಧಗಳಿಗಿದ್ದ ಸೆರೆವಾಸವನ್ನು ತೆಗೆದು ಹದಿನೈದು ಲಕ್ಷ ರೂಪಾಯಿಯವರೆಗಿನ ದಂಡವನ್ನಿಟ್ಟಿತು. ಅದು ಮೊದಲು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಅನ್ವಯಿಸಿತು. ಬೇರೆ ರಾಜ್ಯಗಳು ನಿರ್ಣಯ ಮಾಡಿ ಒಪ್ಪಿಕೊಳ್ಳಬೇಕು. ದಂಡವು ಶುದ್ಧೀಕರಣದ ಖರ್ಚಿಗಿಂತ ಅಗ್ಗವಾದರೆ ಅದು ದಂಡವಲ್ಲ, ಸುಂಕ ಎಂಬುದನ್ನು ನಮ್ಮ ಶಾಸಕರು ನೆನಪಿಡಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಜ್ವರಮಾಪಕ ಜ್ವರವನ್ನು ಇಳಿಸುವುದಿಲ್ಲ. ಕೇಂದ್ರ ಮಂಡಲಿಯ ೨೦೨೧ರ ವರದಿಯಂತೆ ದೇಶದ ಪಟ್ಟಣಗಳಲ್ಲಿ ದಿನಕ್ಕೆ ೭೨,೩೬೮ ದಶಲಕ್ಷ ಲೀಟರು ಕೊಳಚೆ ಹುಟ್ಟುತ್ತಿತ್ತು; ಅದರಲ್ಲಿ ನಿಜವಾಗಿ ಶುದ್ಧೀಕರಣಗೊಳ್ಳುತ್ತಿದ್ದುದು ೨೦,೨೩೬. ನೂರಕ್ಕೆ ಇಪ್ಪತ್ತೆಂಟು ಪಾಲು! ಉಳಿದುದು ಕೆರೆಗೆ, ಹೊಳೆಗೆ, ನೆಲಕ್ಕೆ. ೨೦೨೨ರಲ್ಲಿ ಅದೇ ಮಂಡಲಿ ಪಟ್ಟಿಮಾಡಿದ ೩೧೧ ಕಲುಷಿತ ನದೀಪಾತ್ರಗಳಲ್ಲಿ ಹದಿನೇಳು ನಮ್ಮ ಕರ್ನಾಟಕದವು. ಕೊಳವೆ, ಯಂತ್ರ, ವಿದ್ಯುತ್ತು, ಅವನ್ನು ನಡೆಸುವ ನೌಕರ, ಆ ನೌಕರನ ಸಂಬಳ, ಇವಿಲ್ಲದೆ ಪರೀಕ್ಷೆಯೊಂದೇ ನದಿಯನ್ನು ಉಳಿಸದು. ಆದರೆ ಪರೀಕ್ಷೆಯಿಲ್ಲದಿದ್ದರೆ ಇವೆಲ್ಲ ನಡೆಯುತ್ತಿವೆಯೋ ಇಲ್ಲವೋ ಎಂದು ಕೇಳುವ ಹಕ್ಕೇ ನಮಗೆ ಉಳಿಯುವುದಿಲ್ಲ.

ಮಾಡಬೇಕಾದ ಕೆಲಸ ಅಸಾಧ್ಯವೇನಲ್ಲ. ಪ್ರತಿಯೊಂದು ಶುದ್ಧೀಕರಣ ಕೇಂದ್ರದ ಬಾಯಲ್ಲಿ, ನೀರು ಸೇರುವ ಪ್ರತಿಯೊಂದು ಕೆರೆಯ ಏರಿಯ ಮೇಲೆ ಒಂದು ಫಲಕವಿರಲಿ. ಕಳೆದ ವಾರದ ಅಳತೆಯೇನು, ಮಿತಿಯೇನು, ಈ ನೀರು ಮೀಯುವುದಕ್ಕೋ, ದನಕ್ಕೋ, ಹುಲ್ಲಿಗೋ ಅಥವಾ ಯಾವುದಕ್ಕೂ ಅಲ್ಲವೋ ಎಂಬುದನ್ನು ತಿಳಿಗನ್ನಡದಲ್ಲಿ ಬರೆಯಲಿ. ನಡುಬೆಲೆಯ ಜೊತೆಗೆ ಅತ್ಯಂತ ಕೆಟ್ಟ ದಿನದ ಅಂಕವನ್ನೂ ಬರೆಯಲಿ. ಸೀಸೆಯ ಮೂರನೆಯ ಪಾಲೊಂದು ಕೆಳದಂಡೆಯ ಪಂಚಾಯಿತಿಗೆ ಸಲ್ಲಲಿ. ನದಿಯ ಹತ್ತಿರದ ಕಾಲೇಜುಗಳು ವಿಂಕ್ಲರನ ಸೀಸೆಯನ್ನು ಪಾಠದ ಕೋಣೆಯಿಂದ ಹೊಳೆಯ ದಡಕ್ಕೆ ಒಯ್ಯಲಿ. ಅವರ ಅಂಕಗಳು ನ್ಯಾಯಾಲಯಕ್ಕೆ ಸಲ್ಲದಿದ್ದರೂ ಮಂಡಲಿಯ ಅಂಕಗಳಿಗೆ ಒರೆಗಲ್ಲಾದಾವು. ಬೈರಮಂಗಲದ ಅಚ್ಚುಕಟ್ಟಿನ ರೈತ ದಶಕಗಳಿಂದ ಬೆಂಗಳೂರಿನ ನೀರಿನಿಂದ ಹೊಲ ನೆನೆಸಿದ್ದಾನೆ. ಆ ಹೊಲದ ಹುಲ್ಲು ಹಸುವಿಗೆ, ಹಸುವಿನ ಹಾಲು ಪೇಟೆಗೆ. ನಾವು ಬಿಟ್ಟ ನೀರಿನಲ್ಲಿ ಏನಿದೆಯೆಂದು ತಿಳಿಯುವುದು ಅವನಿಗೆ ನಾವು ಮಾಡುವ ಉಪಕಾರವಲ್ಲ. ಬೆಳಗಿನ ಕಾಫಿಗೆ ಹಾಲು ಕಾಸುವ ನಮ್ಮ ಒಲೆಗೂ ಸಂಬಂಧಿಸಿದ ಮಾತು.